ಶಂಕರನ ಕಟ್ಟೆಗೆ ಆ ಹೆಸರು ಬಂದ ಬಗೆ

ವೇದಿಕೆಯ ನಡುವಿನ ಕುರ್ಚಿಯಲ್ಲಿ ನೆಟ್ಟಗೆ ಕೂತಿರುವ ನಮ್ಮ ಡೆಟ್ರಾಯಿಟ್ ಕಡೆಯ ಕೂಟದ ಅಧ್ಯಕ್ಷರಾದ ಶ್ರೀ ವಿಷ್ಣು ಅವರೇ, ನಾಲ್ಕೂವರೆ ಗಂಟೆ ಡ್ರೈವ್ ಮಾಡಿಕೊಂಡು ಬಂದು, ಬಂದವರೇ ಕಾಫಿ ಎಲ್ಲಿ ಎಂದು ಕೇಳಿ ಮನೆಯವರಂತೆ ನಡೆದುಕೊಂಡ ಶಿಕಾಗೋ ಕಡೆಯ ಕೂಟದ ಅಧ್ಯಕ್ಷೆ ಶ್ರೀಮತಿ ಮಂಜರಿ ಅವರೇ, ಮೊದಲನೆಯ ಸಾಲಿನಲ್ಲಿ ಕೂತಿರುವ, ಶಿಕಾಗೋ ಪಕ್ಕದ ಲೊಂಬಾರ್ಡಿನ ಹಿರಿಯರಾದ ಶಂಕರ್ ಅವರೇ, ಮೂರನೆಯ ಸಾಲಿನಲ್ಲಿ ಕೂತು ಈಗಾಗಲೇ ಕೈಗಡಿಯಾರ ನೋಡುತ್ತಿರುವ ನನ್ನ ಯಜಮಾನರಾದ ರಘೋತ್ತಮ ಅವರೇ, ಹಿಂದಿನ ಬಾಗಿಲ ಬಳಿ ನಿಂತು ಸಾರಿನ ವಾಸನೆ ಹಿಡಿಯುತ್ತಿರುವ ನನ್ನ ಪ್ರೀತಿಯ ಸಭಿಕರೇ,

ನಿಮ್ಮೆಲ್ಲರಿಗೂ ಪ್ರಭಾಳ ವಂದನೆಗಳು. ನನ್ನ ಹೆಗಲಿಗೆ ಶಾಲು ಬಿದ್ದಿದೆ, ಕೈಗೆ ಹಣ್ಣಿನ ಬುಟ್ಟಿ ಬಂದಿದೆ, ಕೊರಳಿಗೆ ಏಲಕ್ಕಿ ಹಾರ ಬಿದ್ದು ಸೀನು ಬರುತ್ತಿದೆ. ನಿರೂಪಣೆ ಮಾಡುತ್ತಿರುವ ನಿಹಾರಿಕಾ ನನಗೆ ಐದು ನಿಮಿಷ ಕೊಟ್ಟಿದ್ದಾಳೆ. ಕನ್ನಡದ ವೇದಿಕೆಯಲ್ಲಿ ಐದು ನಿಮಿಷ ಅಂದರೆ ಎಷ್ಟು ಎಂದು ಇಲ್ಲಿ ಹುಟ್ಟಿದ ಆ ಮಗುವಿಗೆ ಯಾರು ಹೇಳಬೇಕು? ನಿಹಾರಿಕಾ, ನೀನು ಹೋಗಿ ಕೂತುಕೋ ಪುಟ್ಟಿ.

ಈ ಸನ್ಮಾನ ಏತಕ್ಕೆ ಎಂದು ವಿಷ್ಣು ಅವರು ಆಗಲೇ ಹೇಳಿದರು. ಮೂವತ್ತನಾಲ್ಕು ವರ್ಷಗಳಿಂದ ಎರಡು ಕೂಟದವರೂ ಪ್ರತಿ ಜುಲೈನಲ್ಲಿ ಸೇರಿ ಪಿಕ್ನಿಕ್ ಮಾಡುವ ಹಾಲೊವೆ ಕೆರೆಯ ಪರ್ಯಾಯ ದ್ವೀಪಕ್ಕೆ ಪಾರ್ಕಿನ ಕಚೇರಿಯವರು ಒಂದು ಕಂಚಿನ ಫಲಕ ಹಾಕಿಸುತ್ತಿದ್ದಾರೆ. ಆ ಜಾಗವನ್ನು ಯಾರು ಯಾರು ಏನೇನೆಂದು ಕರೆದರು, ಏಕೆ ಕರೆದರು ಎಂಬುದು ಅದರಲ್ಲಿ ಇರುತ್ತದೆ. ನಮ್ಮವರು ಇಟ್ಟ ಹೆಸರುಗಳನ್ನೂ ಸೇರಿಸುತ್ತೇವೆ ಎಂದರು. ಅದರ ಇತಿಹಾಸ ಬರೆದುಕೊಟ್ಟವಳು ನಾನು. ಅದಕ್ಕೇ ಈ ಶಾಲು. ಫಲಕದ ಬರಹ ಸೋಮವಾರ ಬೆಳಗ್ಗೆ ಎರಕಕ್ಕೆ ಹೋಗುತ್ತದೆ. ಇವತ್ತು ಶನಿವಾರ. ಆ ಬರಹದಲ್ಲಿ ಒಂದು ಸುಳ್ಳಿದೆ. ಕಾಗದದಲ್ಲಿ ಸುಳ್ಳಿದ್ದರೆ ಹರಿದು ಹಾಕಬಹುದು, ಕಂಚಿನಲ್ಲಿ ಸುಳ್ಳಿದ್ದರೆ ಏನು ಮಾಡುವುದು? ಆದ್ದರಿಂದ ಶಾಲು ಹೊದ್ದುಕೊಂಡೇ ನಿಜ ಹೇಳಿಬಿಡೋಣ ಎಂದು ನಿಂತಿದ್ದೇನೆ. ಹೇಳಿದ ಮೇಲೆ ಶಾಲು ವಾಪಸ್ ಕೇಳುವವರು ಕೇಳಬಹುದು.

ಮೊದಲು ಪರ್ಯಾಯ ದ್ವೀಪದ ಬಗ್ಗೆ ಎರಡು ಮಾತು. ಸುತ್ತಲೂ ನೀರಿದ್ದರೆ ದ್ವೀಪ, ಮೂರು ಕಡೆ ನೀರಿದ್ದು ಒಂದು ಕಡೆ ನಡೆದು ಹೋಗಲು ದಾರಿ ಇದ್ದರೆ ಪರ್ಯಾಯ ದ್ವೀಪ. ನಾವು ಹುಟ್ಟಿದ್ದು ಒಂದು ಪರ್ಯಾಯ ದ್ವೀಪದಲ್ಲಿ, ಬಂದು ಸೇರಿದ್ದು ಇನ್ನೊಂದಕ್ಕೆ. ನಮ್ಮ ಮಿಶಿಗನ್ ಅನ್ನುವುದೇ ಎರಡು ಪರ್ಯಾಯ ದ್ವೀಪ. ಶಿಕಾಗೋದವರು ಮಾತ್ರ ಗಟ್ಟಿ ನೆಲದವರು, ಅವರಿಗೆ ಬೇಕಾದರೆ ಇನ್ನೊಮ್ಮೆ ನಿಧಾನವಾಗಿ ಹೇಳುತ್ತೇನೆ. ತೊಂಬತ್ತನಾಲ್ಕನೇ ಹೆದ್ದಾರಿಯಲ್ಲಿ ನೀವು ಅಲ್ಲಿಂದ ಹೊರಟು ನಾವು ಇಲ್ಲಿಂದ ಹೊರಟರೆ, ಕಲಮಜೂ ಊರಿನ ಆಸುಪಾಸಿನಲ್ಲಿ ಎದುರುಬದುರಾಗುತ್ತೇವೆ. ಅಲ್ಲಿ ಒಂದು ಎಕ್ಸಿಟ್ ಇಳಿದು ಆರು ಮೈಲಿ ಹೋದರೆ ಆ ಕೆರೆ. ಕೆರೆಯೊಳಕ್ಕೆ ಕಾಲು ಮೈಲಿ ಚಾಚಿಕೊಂಡ ನೆಲ, ತುದಿಯಲ್ಲಿ ಅಗಲ, ಬುಡದಲ್ಲಿ ಸಪೂರ.

ಆ ನೆಲಕ್ಕೆ ಮೊದಲ ಹೆಸರಿಟ್ಟವರು ಅಲ್ಲಿಯ ಮೂಲನಿವಾಸಿಗಳಾದ ಪೊಟವಾಟಮಿ ಜನ. ಫಲಕದ ಬಗ್ಗೆ ನಡೆದ ಸಭೆಗೆ ಅವರ ಕಡೆಯಿಂದ ಒಬ್ಬ ಅಜ್ಜಿ ಬಂದಿದ್ದರು. ಆ ಹೆಸರನ್ನು ಮೂರು ಸಲ ಹೇಳಿದರು, ನಾವೆಲ್ಲ ಮೂರು ಸಲ ತಪ್ಪಾಗಿ ಹೇಳಿದೆವು. ನನ್ನ ಬಾಯಲ್ಲಿ ಅದನ್ನು ಮೈಕಿನ ಮುಂದೆ ಕೆಡಿಸುವುದಿಲ್ಲ. ಫಲಕದ ಮೊದಲ ಸಾಲಿನಲ್ಲಿ ಇರುತ್ತದೆ, ಓದಿಕೊಳ್ಳಿ. ಎರಡನೆಯ ಹೆಸರು ಹಾಲೊವೆ ನೆಕ್. ಹಾಲೊವೆ ಎಂಬ ರೈತ ಅಲ್ಲಿ ಕುರಿ ಸಾಕಿದ್ದ. ಮೂರು ಕಡೆ ನೀರು, ಕುತ್ತಿಗೆಯಂಥ ಬುಡಕ್ಕೆ ಒಂದೇ ಒಂದು ಬೇಲಿ, ಕುರಿ ಎಲ್ಲಿಗೆ ಹೋದಾವು? ಸೋಮಾರಿಯೋ ಬುದ್ಧಿವಂತನೋ ನನಗೆ ತಿಳಿಯದು, ನಕ್ಷೆಗಳಲ್ಲಿ ಅವನ ಹೆಸರೇ ನಿಂತಿತು. ನಮ್ಮ ಮಕ್ಕಳು ಅದರ ಆಕಾರ ನೋಡಿ 'ದಿ ಸ್ಪೂನ್' ಅಂತಾರೆ. ಅವರಿಗೆ ಇತಿಹಾಸದ ತಾಪತ್ರಯವಿಲ್ಲ.

ಇನ್ನು ದೊಡ್ಡವರಾದ ನಮ್ಮ ಹೆಸರುಗಳು. ಡೆಟ್ರಾಯಿಟ್ ಕಡೆಯವರು ಆ ಜಾಗವನ್ನು ಶಂಕರನ ಕಟ್ಟೆ ಅನ್ನುತ್ತೇವೆ. ಶಿಕಾಗೋದವರು ಏಕಾದಶಿ ಪಾಯಿಂಟ್ ಅನ್ನುತ್ತಾರೆ. ಎರಡೂ ಹೆಸರು ಹುಟ್ಟಿದ್ದು ಒಂದೇ ದಿನ, ಒಂದೇ ಗಂಟೆಯಲ್ಲಿ. ಈ ಕಥೆ ನಿಮಗೆಲ್ಲ ಬಾಯಿಪಾಠ. ಏಕೆಂದರೆ ನನ್ನ ಯಜಮಾನರು ಪ್ರತಿ ಪಿಕ್ನಿಕ್‌ನಲ್ಲೂ ಎದ್ದು ನಿಂತು, ಅಭಿನಯದ ಸಮೇತ, ಕಾಗದದ ತಟ್ಟೆಯಿಂದ ಬೆವರು ಒರೆಸಿಕೊಳ್ಳುವ ಶಂಕರ್ ಅವರ ಪಾತ್ರವನ್ನೂ ತಾವೇ ಮಾಡಿ ತೋರಿಸುತ್ತಾರೆ. ಹೊಸಬರಿಗಾಗಿ ಒಮ್ಮೆ ಹೇಳುತ್ತೇನೆ.

ಸಾವಿರದ ಒಂಬೈನೂರ ತೊಂಬತ್ತೊಂದು, ಜುಲೈ. ಎರಡು ಕೂಟಗಳ ಮೊದಲ ಜಂಟಿ ಪಿಕ್ನಿಕ್. ಬಿಸಿಬೇಳೆಬಾತು, ಮೊಸರನ್ನ, ಹಪ್ಪಳ ನಮ್ಮದು. ಚಿರೋಟಿ, ತಟ್ಟೆ, ಲೋಟ, ಚಮಚ ಶಿಕಾಗೋದವರದು. ಅಲ್ಲಿಯ ಮುಂದಾಳು ಶಂಕರ್. ಹನ್ನೊಂದು ಗಂಟೆಗೆ ಸೇರುವುದು ಎಂದು ಆಹ್ವಾನ ಹೋಗಿತ್ತು. ನಾವು ಸರಿಯಾಗಿ ಹನ್ನೊಂದಕ್ಕೆ ಹೋಗಿ ಆ ತುದಿಯಲ್ಲಿ ಸಾಲಾಗಿ ಕೂತು ಆಚೆ ದಡದ ರಸ್ತೆ ನೋಡುತ್ತ ಕಾದೆವು. ಹನ್ನೊಂದೂಕಾಲು, ಹನ್ನೊಂದೂವರೆ, ಹನ್ನೊಂದೂಮುಕ್ಕಾಲು. ಕಾರುಗಳ ಸುಳಿವಿಲ್ಲ. ಮಕ್ಕಳು ಅಳತೊಡಗಿದವು. ತಟ್ಟೆಯಿಲ್ಲದೆ ಪಾತ್ರೆಯ ಮುಚ್ಚಳದಲ್ಲಿ, ಫಾಯಿಲ್ ಹಾಳೆಯಲ್ಲಿ, ಮಕ್ಕಳು ಎಸೆದಾಡುವ ಫ್ರಿಸ್ಬಿಯಲ್ಲಿ ಬಡಿಸಿಕೊಂಡು ಶುರುಮಾಡಿದೆವು. ಕೆರೆಯ ಗಾಳಿಗೆ ಹಸಿವು ಜಾಸ್ತಿ. ಹನ್ನೆರಡೂವರೆಗೆ ಪಾತ್ರೆಯ ತಳ ಕಂಡಿತು. ಆಗ ಬಂದವು ನೋಡಿ ಹದಿನೈದು ಕಾರು, ಅರವತ್ತಮೂರು ಜನ, ನೂರೈವತ್ತು ತಟ್ಟೆ. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಅನ್ನುತ್ತಾರಲ್ಲ, ಅದನ್ನು ನಾನು ಕಣ್ಣಾರೆ ಕಂಡೆ. ಅವತ್ತು ಶಿಕಾಗೋದವರು ಬರೀ ಚಿರೋಟಿ ತಿಂದು ಏಕಾದಶಿ ಮಾಡಿದರು. ಶಂಕರನಿಗಾಗಿ ಕಾದ ಜಾಗ ನಮಗೆ ಶಂಕರನ ಕಟ್ಟೆಯಾಯಿತು.

ಇಲ್ಲಿಯವರೆಗೆ ನಿಮಗೆ ಗೊತ್ತಿರುವ ಕಥೆ. ಶಂಕರ್ ಲೇಟಾಗಿ ಬಂದರು ಎಂಬುದು ಅದರ ತಿರುಳು. ಫಲಕಕ್ಕೆ ನಾನು ಬರೆದುಕೊಟ್ಟಿದ್ದೂ ಅದನ್ನೇ. ಈಗ ಗೊತ್ತಿಲ್ಲದ್ದನ್ನು ಹೇಳುತ್ತೇನೆ.

ಆ ಪಿಕ್ನಿಕ್‌ನ ಆಹ್ವಾನ ಬರೆದವಳು ನಾನು. ನನ್ನ ಅಕ್ಷರ ಚೆನ್ನಾಗಿದೆ ಎಂದು ಆ ಕೆಲಸ ನನಗೆ ಬಂದಿತ್ತು. ನಾನು ಮದುವೆಯಾಗಿ ಮೈಸೂರಿನಿಂದ ಡೆಟ್ರಾಯಿಟ್ ಪಕ್ಕದ ಫಾರ್ಮಿಂಗ್ಟನ್ ಹಿಲ್ಸ್‌ಗೆ ಬಂದು ಎಂಟು ತಿಂಗಳಾಗಿತ್ತು. ಇಪ್ಪತ್ತನಾಲ್ಕು ವರ್ಷ. ಬಿ.ಎಸ್ಸಿ.ಯಲ್ಲಿ ಚಿನ್ನದ ಪದಕ, ಮೈತುಂಬ ಜಂಬ, ಡ್ರೈವಿಂಗ್ ಬರದು. ಪಿಕ್ನಿಕ್‌ಗೆ ಎರಡು ದಿನ ಮುಂಚೆ, ಗುರುವಾರ ಸಂಜೆ, ಫೋನ್ ಬಂತು. ಯಜಮಾನರು ಇನ್ನೂ ಆಫೀಸಿನಿಂದ ಬಂದಿರಲಿಲ್ಲ. ಆ ಕಡೆ ಶಂಕರ್. ಧಾರವಾಡದ ಮಾತು, ನನಗೆ ಕೇಳಲಿಕ್ಕೆ ಇಷ್ಟ.

"ಪ್ರಭಾ ಅವರ, ಒಂದು ಮಾತು ಕೇಳೂದಿತ್ರಿ. ನಿಮ್ಮ ಟೈಮಿಗೂ ನಮ್ಮ ಟೈಮಿಗೂ ಒಂದು ತಾಸು ಫರಕ್ ಅದ. ಆ ಕೆರಿ ನಟ್ಟನಡುವ ಅದಲ್ರಿ, ಅದು ಯಾರ ಟೈಮಿನ್ಯಾಗ ಬರ್ತದ?"

ಸಭಿಕರೇ, ಎಂಥ ಒಳ್ಳೆಯ ಪ್ರಶ್ನೆ! ಹೊರಡುವ ಮುಂಚೆ ಕೇಳಬೇಕಾದ ಒಂದೇ ಪ್ರಶ್ನೆ. ಅದನ್ನು ಕೇಳಿದ್ದು ಅವರೊಬ್ಬರೇ. ಆ ಕೆರೆ ನಮ್ಮ ಗಡಿಯಾರದ ಕಡೆ ಬರುತ್ತದೆ, ಮಿಶಿಗನ್‌ನಲ್ಲಿ ಹನ್ನೊಂದಾದಾಗ ಶಿಕಾಗೋದಲ್ಲಿ ಹತ್ತು, ಇದು ಈಗ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಆದರೆ ಅವತ್ತು? ಒಂದು ದೇಶದಲ್ಲಿ ಎರಡು ಗಡಿಯಾರ ಇರುತ್ತವೆ ಎಂಬ ಸಂಗತಿಯೇ ನನ್ನ ತಲೆಯಲ್ಲಿರಲಿಲ್ಲ. ದ್ವಾರಕೆಯಲ್ಲಿ ಎಷ್ಟು ಗಂಟೆಯೋ ಕೋಲ್ಕತ್ತಾದಲ್ಲೂ ಅಷ್ಟೇ ಗಂಟೆ. ಹಾಗೆ ಬೆಳೆದವಳು ನಾನು. ಅಮೆರಿಕಕ್ಕೂ ಭಾರತಕ್ಕೂ ವ್ಯತ್ಯಾಸ ಗೊತ್ತಿತ್ತು, ಅಮ್ಮನಿಗೆ ಫೋನ್ ಮಾಡುವಾಗ ಲೆಕ್ಕ ಹಾಕುತ್ತಿದ್ದೆ. ಆದರೆ ಕಾರಿನಲ್ಲಿ ಹೋಗಿ ಬರುವ ಊರಿಗೆ ಬೇರೆ ಟೈಮು? ಈ ಧಾರವಾಡದವರು ಹೊಸಬಳೆಂದು ನನ್ನನ್ನು ಗೇಲಿ ಮಾಡುತ್ತಿದ್ದಾರೆ ಅನ್ನಿಸಿತು. ಚಿನ್ನದ ಪದಕ ಜಾಗೃತವಾಯಿತು. ಗತ್ತಿನಿಂದ ಹೇಳಿದೆ.

"ಫರಕ್ಕೂ ಇಲ್ಲ ಏನೂ ಇಲ್ಲ ಶಂಕರ್ ಅವರೇ. ಒಂದೇ ದೇಶ ಅಲ್ವಾ? ನಿಮ್ಮ ವಾಚಲ್ಲಿ ಹನ್ನೊಂದಕ್ಕೆ ಬಂದ್ರೆ ಸರಿಯಾಗತ್ತೆ."

ಗೊತ್ತಿಲ್ಲ ಎನ್ನಲು ಎಷ್ಟು ಹೊತ್ತು ಬೇಕು? ಯಜಮಾನರನ್ನು ಕೇಳಿ ಹೇಳುತ್ತೇನೆ ಎನ್ನಲು ಎಷ್ಟು ಹೊತ್ತು ಬೇಕು? ನನಗೆ ಆ ಎರಡೂ ಮಾತು ಬರಲಿಲ್ಲ. ಏಕೆ ಬರಲಿಲ್ಲ ಎಂದು ನೀವು ಕೇಳಬಹುದು. ಅದಕ್ಕೆ ಆ ವರ್ಷದ ಜನವರಿ ಇಪ್ಪತ್ತಾರಕ್ಕೆ ಹೋಗಬೇಕು. ನಮ್ಮ ಮನೆಯ ಮುಂದೆ ಅಂಚೆ ಡಬ್ಬಿಗೆ ಒಂದು ಕೆಂಪು ಬಾವುಟ ಇತ್ತು. ಒಳಗೆ ಟಪಾಲು ಇಟ್ಟಿದ್ದೇವೆ, ಬಂದು ತೆಗೆದುಕೊಂಡು ಹೋಗು ಎಂದು ಅಂಚೆಯವನಿಗೆ ತಿಳಿಸಲು ಎತ್ತುವ ಬಾವುಟ ಅದು. ನನಗೆ ತಿಳಿಯದು. ಗಣರಾಜ್ಯೋತ್ಸವ ಅಲ್ಲವೇ ಎಂದು ಸ್ನಾನ ಮಾಡಿ, ಹಿಮದಲ್ಲಿ ನಿಂತು, ಆ ಬಾವುಟ ಎತ್ತಿ ಒಂದು ನಮಸ್ಕಾರ ಹಾಕಿ ಬಂದೆ. ಅಂಚೆಯವನು ಡಬ್ಬಿ ತೆಗೆದು ನೋಡಿ ಬೆಲ್ ಮಾಡಿದ. ಅಷ್ಟೇ. ಯಜಮಾನರು ಆ ಕಥೆಯನ್ನು ಫಾರ್ಮಿಂಗ್ಟನ್ ಹಿಲ್ಸ್‌ನ ಪ್ರತಿ ಮನೆಯಲ್ಲೂ ಹೇಳಿದರು. ಚೆನ್ನಾಗಿ ಹೇಳುತ್ತಾರೆ, ನೀವೆಲ್ಲ ಈಗ ನಕ್ಕ ಹಾಗೆಯೇ ಅವರೂ ನಕ್ಕರು. ನಾನೂ ನಕ್ಕೆ. ನಕ್ಕು, ಮನೆಗೆ ಬಂದು, ನಲ್ಲಿ ತಿರುಗಿಸಿಟ್ಟು ಬಾತ್‌ರೂಮಿನಲ್ಲಿ ಅತ್ತೆ. ಇದು ನನ್ನ ಚೀಟಿಯಲ್ಲಿ ಇರಲಿಲ್ಲ, ಬಾಯಿಗೆ ಬಂದುಬಿಟ್ಟಿತು. ರಘೂ, ವಾಚ್ ನೋಡಬೇಡಿ, ನಿಮ್ಮ ಮೇಲೆ ಸಿಟ್ಟಿಲ್ಲ. ಈ ಮೂವತ್ತೈದು ವರ್ಷದಲ್ಲಿ ನೀವು ಮಾಡಿದ ಬೆಪ್ಪುತನಗಳ ಪಟ್ಟಿ ನನ್ನ ಹತ್ತಿರವೂ ಇದೆ, ಮುಂದಿನ ವರ್ಷ ಶಾಲು ಹೊದಿಸಿದರೆ ಓದುತ್ತೇನೆ.

ಈಗ ಕೆರೆಯ ದಡಕ್ಕೆ ಬನ್ನಿ. ಶಂಕರ್ ಕಾರಿಳಿದು ತಟ್ಟೆಯ ಕಟ್ಟು ಹಿಡಿದು ನಗುತ್ತ ಬಂದರು. ಅವರ ವಾಚಿನಲ್ಲಿ ಹನ್ನೊಂದೂವರೆ. ಕನ್ನಡಿಗರಿಗೆ ಅರ್ಧ ಗಂಟೆ ಮಾಫಿ ಇದ್ದೇ ಇದೆ. ಯಜಮಾನರು ಅವರ ಮುಂದೆ ತಮ್ಮ ಮಣಿಕಟ್ಟು ಹಿಡಿದರು. ಹನ್ನೆರಡೂವರೆ. ಶಂಕರ್ ಗಕ್ಕನೆ ನಿಂತರು. ಒಮ್ಮೆ ತಮ್ಮ ವಾಚು ನೋಡಿದರು, ಒಮ್ಮೆ ಖಾಲಿ ಪಾತ್ರೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ನನ್ನ ಕೈಯಲ್ಲಿ ಸೌಟಿತ್ತು. ನಾನು ಪಾತ್ರೆಯ ತಳ ಕೆರೆಯತೊಡಗಿದೆ. ಅಲ್ಲಿ ಕೆರೆಯಲಿಕ್ಕೆ ಏನೂ ಇರಲಿಲ್ಲ.

ಹಿಂದೆ ಅರವತ್ತೆರಡು ಜನ ಹಸಿದು ನಿಂತಿದ್ದರು. ಯಾರ ತಪ್ಪು ಎಂದು ಎಲ್ಲರೂ ಕೇಳುತ್ತಿದ್ದರು. ಶಂಕರ್ ನನ್ನ ಮೇಲಿನ ಕಣ್ಣು ತೆಗೆದು, ಎಲ್ಲರಿಗೂ ಕೇಳುವಂತೆ ಹೇಳಿದರು.

"ತಪ್ಪಾತ್ರಿ. ನಂದ ಹಿಸಾಬು ತಪ್ಪಿತು."

ಅಷ್ಟೇ ಮಾತು. ಆಮೇಲೆ ತಟ್ಟೆ ಬಿಚ್ಚಿ ಚಿರೋಟಿ ಹಂಚಿದರು, ಊಟ ಮುಗಿಸಿದ್ದ ನಮಗೂ ಹಂಚಿದರು. ನಾನು ಎರಡು ತಿಂದೆ. ನಾಚಿಕೆಯಾಗಲಿಲ್ಲವೇ ಎಂದರೆ, ಆಯಿತು, ತಿಂದೆ.

ಅವತ್ತೇ ಹೇಳಬಹುದಿತ್ತು. ಮಾರನೆಯ ವರ್ಷ ಹೇಳಬಹುದಿತ್ತು. ವರ್ಷ ಕಳೆದಷ್ಟೂ ಕಥೆ ಚೆನ್ನಾಗುತ್ತ ಹೋಯಿತು, ನಿಜ ಹೇಳುವುದು ಕಷ್ಟವಾಗುತ್ತ ಹೋಯಿತು. ಜಂಟಿ ಸಮಿತಿಗೆ ಅಧ್ಯಕ್ಷರ ಆಯ್ಕೆ ಬಂದಾಗ ಶಂಕರ್ ಅವರ ಹೆಸರು ಎರಡು ಸಲ ಎದ್ದಿತು. ಅವರಿಗೆ ಕೊಟ್ಟರೆ ಇವತ್ತಿನ ಕಾರ್ಯಕ್ರಮ ನಾಳೆ ನಡೆಯುತ್ತದೆ ಎಂದು ಯಾರೋ ಅಂದರು, ಎಲ್ಲರೂ ನಕ್ಕರು, ಹೆಸರು ಬಿದ್ದುಹೋಯಿತು. ಎರಡು ಸಲವೂ ನಾನು ಆ ಕೋಣೆಯಲ್ಲಿದ್ದೆ.

ಎರಡು ಸಾವಿರದ ಮೂರರಲ್ಲಿ ಅವರ ಮಗಳು ಲಾವಣ್ಯಳ ಮದುವೆ, ಲೊಂಬಾರ್ಡಿನಲ್ಲಿ. ಹತ್ತು ಗಂಟೆ ಹತ್ತು ನಿಮಿಷಕ್ಕೆ ಮುಹೂರ್ತ. ನಮ್ಮ ಕಡೆಯ ಐದು ಸಂಸಾರ ಹಿಂದಿನ ದಿನವೇ ಹೋಗಿ ಹೋಟೆಲಿನಲ್ಲಿದ್ದೆವು. ಶಂಕರನ ಮನೆಯ ಮದುವೆಗೆ ಶಂಕರನ ಹಾಗೆಯೇ ಹೋಗೋಣ, ಒಂದು ಗಂಟೆ ಲೇಟಾಗಿ, ತಮಾಷೆಯಾಗಿರುತ್ತದೆ ಎಂದು ಗಂಡಸರು ತೀರ್ಮಾನ ಮಾಡಿದರು. ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಕೂತೆವು. ನಾವು ಹೋಗುವ ಹೊತ್ತಿಗೆ ಧಾರೆ ಮುಗಿದಿತ್ತು. ಅವರು ಬಾಗಿಲಲ್ಲೇ ನಿಂತಿದ್ದರು. ಸಿಟ್ಟಾಗುತ್ತಾರೇನೋ ಎಂದುಕೊಂಡೆ. "ಬರ್ರಿ, ಬರ್ರಿ, ಡೆಟ್ರಾಯಿಟ್‌ನವರು ಬಂದ ಮ್ಯಾಲೇ ಪಂಕ್ತಿ ಅಂತ ಹೇಳೀನಿ" ಅಂದರು. ಒಳಗೆ ಇನ್ನೂರೈವತ್ತು ಜನ ಎಲೆಯ ಮುಂದೆ ಕೂತು ನಮಗಾಗಿ ಕಾಯುತ್ತಿದ್ದರು. ನಾವು ಅವರಿಗಾಗಿ ಮುಕ್ಕಾಲು ಗಂಟೆ ಕಾದು ಪಾತ್ರೆ ಖಾಲಿ ಮಾಡಿದವರು. ಅವತ್ತು ಪಾಯಸವನ್ನು ಎಲೆಯಲ್ಲೇ ಬಿಟ್ಟು ಎದ್ದೆ. ಆದರೂ ಹೇಳಲಿಲ್ಲ ನೋಡಿ.

ಈಗ ಫಲಕಕ್ಕೆ ಬರುತ್ತೇನೆ. ಇಂಗ್ಲಿಷ್ ಬರಹ ತಯಾರು ಮಾಡಿದವಳು ನನ್ನ ಮಗಳು ಅಕ್ಷರಾ. ಪ್ರತಿ ಹೆಸರಿಗೂ ಯಾರು ಹೇಳಿದ್ದು, ಆಧಾರವೇನು ಎಂದು ಬರೆಯಬೇಕೆಂಬುದು ಪಾರ್ಕಿನವರ ನಿಯಮ. ಹಾಲೊವೆಗೆ ಹಳೆಯ ಜಮೀನಿನ ಪತ್ರ ಸಿಕ್ಕಿತು. ಶಂಕರನ ಕಟ್ಟೆಗೆ ಬಂದಾಗ ಅಕ್ಷರಾ ಕೇಳಿದಳು: "ಅಮ್ಮಾ, ವಾಟ್ಸ್ ದಿ ಸೋರ್ಸ್?" ನಾನೇ ಆಧಾರ ಎಂದೆ. ಅವಳು ಹಾಗೆಯೇ ಬರೆದಳು. ಹೆಸರಿರುವ ವ್ಯಕ್ತಿ ಬದುಕಿದ್ದರೆ ಅವರ ಒಪ್ಪಿಗೆಯೂ ಬೇಕು ಎಂದು ಕರಡನ್ನು ಲೊಂಬಾರ್ಡಿಗೆ ಕಳಿಸಿದಳು. ತಡವಾಗಿ ಬಂದು ನೂರಾರು ಜನರನ್ನು ಕಾಯಿಸಿದ ಶಂಕರ್ ಎಂಬುವರಿಂದ ಈ ಹೆಸರು ಬಂತು, ಇದು ಅದರ ಒಕ್ಕಣೆ. ನೂರಾರು ಅಲ್ಲ, ನಾವಿದ್ದದ್ದು ಐವತ್ತೆಂಟು ಜನ. ಇತಿಹಾಸ ಅಂದರೆ ಹೀಗೆಯೇ ಊದಿಕೊಳ್ಳುತ್ತದೆ.

ಎಂಟು ದಿನಕ್ಕೆ ಉತ್ತರ ಬಂತು. ಅಕ್ಷರಾಳಿಗೆ ಒಂದು ಇಮೇಲು: ಒಪ್ಪಿಗೆ ಇದೆ, ಹಾಕಿಸಿರಿ. ನನಗೆ ಬೇರೆಯಾಗಿ ಒಂದು ಲಕೋಟೆ. ಒಡೆದು ನೋಡಿದರೆ ಮೂವತ್ತನಾಲ್ಕು ವರ್ಷದ ಹಿಂದಿನ ನನ್ನ ಆಹ್ವಾನ. ನನ್ನದೇ ದುಂಡಕ್ಷರ. ಅಂಚಿನಲ್ಲಿ ಪೆನ್ಸಿಲಿನಲ್ಲಿ ಶಂಕರ್ ಅವತ್ತೇ ಬರೆದುಕೊಂಡಿದ್ದರು. ಇಗೋ, ತಂದಿದ್ದೇನೆ, ಓದುತ್ತೇನೆ: "ಗುರುವಾರ ಸಂಜಿ ಪ್ರಭಾ ಅವರಿಗೆ ಫೋನ್ ಮಾಡಿ ಕೇಳಿದೆ. ತಾಸಿನ ಫರಕ್ ಇಲ್ಲಂತ. ನಮ್ಮ ವಾಚಿನ ಹನ್ನೊಂದು."

ಸಭಿಕರೇ, ಈ ಮನುಷ್ಯನ ಹತ್ತಿರ ಮೂವತ್ತನಾಲ್ಕು ವರ್ಷ ಪುರಾವೆ ಇತ್ತು. ಸಮಿತಿಯಲ್ಲಿ ಹೆಸರು ಬಿದ್ದಾಗ ಇತ್ತು. ಮಗಳ ಮದುವೆಯ ದಿನ ಇತ್ತು. ಪ್ರತಿ ಜುಲೈನಲ್ಲಿ ನನ್ನ ಯಜಮಾನರು ತಟ್ಟೆಯಿಂದ ಬೆವರು ಒರೆಸಿಕೊಂಡಾಗ ಇತ್ತು. ಅದನ್ನು ಯಾರಿಗೂ ತೋರಿಸಲಿಲ್ಲ. ಈಗ ಕಂಚಿನಲ್ಲಿ ತಮ್ಮ ಹೆಸರು ಕೆಡುವ ಹೊತ್ತಿಗೆ ಪುರಾವೆಯನ್ನು ನನ್ನ ಕೈಗೇ ಕಳಿಸಿದರು, ಬೇಕಾದರೆ ಹರಿದುಹಾಕಲಿ ಎಂದು. ಅದರ ಕೆಳಗೆ ಹೊಸ ಇಂಕಿನಲ್ಲಿ ಎರಡು ಸಾಲು: "ಅವತ್ತು ನೀವು ಖಾಲಿ ಪಾತ್ರಿ ಕೆರೆಯೂದು ನಾ ನೋಡಿದ್ದೆ. ಇದು ನಿಮ್ಮ ಹತ್ರನ ಇರಲಿ."

ಲಕೋಟೆ ಬಂದು ಒಂಬತ್ತು ದಿನವಾಯಿತು. ಹರಿಯಲು ಎರಡು ಸಲ ಕೈ ಹೋಯಿತು, ಸುಳ್ಳೇಕೆ ಹೇಳಲಿ? ಹರಿದಿದ್ದರೆ ಇವತ್ತು ಶಾಲು ಹೊದ್ದು ಮನೆಗೆ ಹೋಗುತ್ತಿದ್ದೆ. ಮುಂದೆ ಪ್ರತಿ ಜುಲೈನಲ್ಲಿ ಆ ಫಲಕದ ಮುಂದೆ ನಿಂತು ಓದಬೇಕಾಗುತ್ತಿತ್ತು. ಅದು ನನ್ನಿಂದ ಆಗದು.

ಶಂಕರ್ ಅವರೇ, ತಪ್ಪು ನಿಮ್ಮ ಹಿಸಾಬಿನದಲ್ಲ, ನನ್ನದು. ನೀವು ಕೇಳಿದಿರಿ, ನಾನು ತಪ್ಪು ಹೇಳಿದೆ, ಆಮೇಲೆ ಹೆದರಿ ಸುಮ್ಮನಿದ್ದೆ. ಮೂವತ್ತನಾಲ್ಕು ವರ್ಷ ನಿಮ್ಮ ಮೇಲೆ ಜನ ನಕ್ಕ ನಗೆಯಲ್ಲಿ ನನ್ನ ಪಾಲಿನದೂ ಸೇರಿದೆ. ನನ್ನನ್ನು ಕ್ಷಮಿಸಿ. ಇಲ್ಲ, ಎದ್ದೇಳಬೇಡಿ, ಕೈ ಅಲ್ಲಾಡಿಸಬೇಡಿ, ನನ್ನ ಮಾತು ಇನ್ನೂ ಮುಗಿದಿಲ್ಲ. ನೀವು ಏನನ್ನುತ್ತೀರೆಂದು ಗೊತ್ತಿದೆ, ಊಟಕ್ಕೆ ಕೂತಾಗ ಅನ್ನಿ.

ಇಂದು ಮಧ್ಯಾಹ್ನ ಅಕ್ಷರಾಳನ್ನು ಕೂರಿಸಿಕೊಂಡು ಹೊಸ ಸಾಲು ಬರೆಸಿದೆ. ಹೆಸರು ಬದಲಾಗುವುದಿಲ್ಲ. ಶಂಕರನ ಕಟ್ಟೆ ಶಂಕರನ ಕಟ್ಟೆಯಾಗಿಯೇ ಇರುತ್ತದೆ. ಕಾರಣ ಮಾತ್ರ ಬದಲಾಗುತ್ತದೆ. ಸೋಮವಾರ ಎರಕಕ್ಕೆ ಹೋಗುವ ಸಾಲು ಕನ್ನಡದಲ್ಲಿ ಹೀಗಿದೆ: "ಶಂಕರನ ಕಟ್ಟೆ. ಹೊರಡುವ ಮುಂಚೆ ಸಮಯ ಕೇಳಿಕೊಂಡು, ಪ್ರಭಾ ತಪ್ಪು ಹೇಳಿದ್ದರಿಂದ ಒಂದು ತಾಸು ತಡವಾಗಿ ಬಂದು, ಯಾರ ಹೆಸರನ್ನೂ ಹೇಳದೆ ಚಿರೋಟಿ ಹಂಚಿದ ಲೊಂಬಾರ್ಡಿನ ಶಂಕರ್ ಅವರಿಂದ ಬಂದ ಹೆಸರು." ಅದರ ಕೆಳಗೆ: "ಏಕಾದಶಿ ಪಾಯಿಂಟ್. ಅದೇ ದಿನ ಅದೇ ಪ್ರಭಾಳ ಕೃಪೆಯಿಂದ ಅರವತ್ತಮೂರು ಜನ ಉಪವಾಸವಿದ್ದ ಜಾಗ." ಆಧಾರ ಎಂಬಲ್ಲಿ ನನ್ನ ಹೆಸರೇ ಇದೆ, ಈ ಸಲ ಧೈರ್ಯವಾಗಿ ಇದೆ. ಇದು ಬಹಳ ಉದ್ದವಾಯಿತು, ಫಲಕದಲ್ಲಿ ಹಿಡಿಸುವುದಿಲ್ಲ ಎಂದು ಅಕ್ಷರಾ ಅಂದಳು. ಹಾಲೊವೆಯ ಕುರಿಗಳನ್ನು ಕಡಿಮೆ ಮಾಡು ಎಂದೆ.

ನನ್ನ ಯಜಮಾನರಿಗೆ ಒಂದು ಕೆಲಸ ಇದೆ. ಮುಂದಿನ ಜುಲೈನಲ್ಲಿ ಕಥೆ ಹೇಳುವಾಗ ಅವರು ಶಂಕರನ ಪಾತ್ರ ಮಾಡುವಂತಿಲ್ಲ. ಸೌಟು ಹಿಡಿದು ಖಾಲಿ ಪಾತ್ರೆ ಕೆರೆಯುವ ಪಾತ್ರ ಮಾಡಬೇಕು. ಹೇಗೆ ಮಾಡಬೇಕೆಂದು ನಾನು ಹೇಳಿಕೊಡುತ್ತೇನೆ.

ಮಾತು ಮುಗಿಸುತ್ತೇನೆ. ಸನ್ಮಾನ ಮಾಡಿದ ಎರಡೂ ಕೂಟಗಳಿಗೆ, ಕೇಳಿಸಿಕೊಂಡ ನಿಮಗೆಲ್ಲರಿಗೆ ನನ್ನ ಕೃತಜ್ಞತೆಗಳು. ಈ ಶಾಲನ್ನು ಯಾರೂ ವಾಪಸ್ ಕೇಳುವ ಹಾಗೆ ಕಾಣುತ್ತಿಲ್ಲ, ಆದ್ದರಿಂದ ಕೆಳಗೆ ಇಳಿದು ಯಾರಿಗೆ ಸೇರಬೇಕೋ ಅವರಿಗೆ ನಾನೇ ಹೊದಿಸುತ್ತೇನೆ. ಕೊನೆಯದಾಗಿ ಊಟದ ಪ್ರಕಟಣೆ. ಅಧ್ಯಕ್ಷರನ್ನು ಕೇಳಿಕೊಂಡೇ ಹೇಳುತ್ತಿದ್ದೇನೆ. ಊಟ ಏಳು ಗಂಟೆಗೆ. ಶಿಕಾಗೋದಿಂದ ಬಂದವರಿಗೆ ಮಿಶಿಗನ್ ವಾಚಿನ ಏಳು ಗಂಟೆ, ಅಂದರೆ ಇನ್ನು ಹತ್ತು ನಿಮಿಷಕ್ಕೆ ಎಲೆ. ಡೆಟ್ರಾಯಿಟ್ ಕಡೆಯ ನಮಗೆ ಶಿಕಾಗೋ ವಾಚಿನ ಏಳು ಗಂಟೆ. ಒಂದು ತಾಸು ಕಾಯೋಣ. ಬಿಸಿಬೇಳೆಬಾತು ಬಡಿಸುವವಳು ನಾನು, ಮೊದಲ ಸೌಟು ಶಂಕರ್ ಅವರ ಎಲೆಗೆ.

ನಮಸ್ಕಾರ.